ಹಾವಿಗ್ಯಾಕ ಬೇಕ್ರೀ ಕೂಡು ಕುಟುಂಬ?

ನಮ್ಮ ಹುನಗುಂದದಾಗ ಅಣ್ಣ-ತಮ್ಮರ ನಡುವ ಗ್ವಾಡಿ ಏಳದ ಮನಿ ಯಾವುದರ ಇದ್ರ ತೋರಿಸ್ರಿ, ಇಳಕಲ್ಲ ಸೀರಿ ಒಂದು ನನ್ನ ಲೆಕ್ಕದಾಗ ಬರಕೋರಿ. ಅಪ್ಪ ಕಣ್ಣು ಮುಚ್ಚಿ ವರ್ಷ ತುಂಬೋದ್ರಾಗ ಪಡಸಾಲಿ ನಡುವ ಸುಣ್ಣದ ಗೀಟು ಬೀಳ್ತೈತಿ, ದೀಪಾವಳಿ ಹೊತ್ತಿಗೆ ಗೀಟಿನ ಮ್ಯಾಲೆ ಇಟ್ಟಂಗಿ ಕುಂಡರ್ತಾವ. ಕೇಳಿದ್ರ ಕಾರಣಕ್ಕೇನು ಬರ? ಒಬ್ಬಾಕಿಗೆ ಖಾರ ಬೇಕು, ಇನ್ನೊಬ್ಬಾಕಿಗೆ ಆಗಂಗಿಲ್ಲ. ಒಬ್ಬಾಂವ ಫ್ಯಾನ್ ಹಾಕ್ತಾನ, ಇನ್ನೊಬ್ಬಾಂವ ಬಂದು ಆರಸ್ತಾನ.

ಇಂಥಾ ಎರಡು ಬಾಗಿಲ ಮನಿಯೊಳಗ ಹುಟ್ಟಿ, ಬೆಂಗಳೂರಾಗ ಕಂಪ್ಯೂಟರ್ ಮುಂದ ಕುಂತಿರೋ ನಮ್ಮ ಅಕ್ಕನ ಮಗ ಹಾವು ಸಾಕ್ಯಾನ. ಎಮ್ಮಿ ಸಾಕಿದ್ರ ಹಾಲರ ಬರ್ತಿತ್ತು. ಇರಲಿ. ಮೊನ್ನೆ ಫೋನ್ ಮಾಡಿದ: "ಮಾಮಾ, ನಮ್ಮ ಕಾರ್ನ್ ಸ್ನೇಕ್ ಒಂದ ಐತಿ, ಪಾಪ, ಬ್ಯಾಸರ ಆಗಿರಬೇಕು. ಬಾಲ್ ಪೈಥಾನ್ ಒಂದು ತಂದು ಅದ ಪೆಟ್ಟಿಗ್ಯಾಗ ಬಿಡ್ತೀನಿ. ಒಂದಕ್ಕೊಂದು ಜೋಡಿ ಆಗ್ತಾವ."

ಇವರಪ್ಪಗೂ ದೊಡ್ಡಪ್ಪಗೂ ಒಂದು ಬಾವಿ ನೀರಿನ ಸಲುವಾಗಿ ಕೋರ್ಟಿನಾಗ ನಡದೈತಿ. "ಅಳಿಯದೇವ್ರ, ಮೊದಲು ನಿಮ್ಮಪ್ಪನ್ನ ನಿಮ್ಮ ದೊಡ್ಡಪ್ಪನ್ನ ಒಂದ ಖೋಲ್ಯಾಗ ಹಾಕಿ ಕೀಲಿ ಜಡೀರಿ. ಮುಂಜಾನಿ ಇಬ್ರೂ ನೆಟ್ಟಗ ಹೊರಗ ಬಂದ್ರ ಹಾವಿನ ಮಾತು ಆಡೋಣು" ಅಂದೆ.

ನೋಡ್ರಿ, ಕಾರ್ನ್ ಸ್ನೇಕ್ ಅಮೆರಿಕಾದ ಆಗ್ನೇಯ ದಿಕ್ಕಿಂದು. ಬಾಲ್ ಪೈಥಾನ್ ಪಶ್ಚಿಮ ಮತ್ತ ಮಧ್ಯ ಆಫ್ರಿಕಾದ್ದು. ನಡುವ ಒಂದು ಇಡೀ ಸಮುದ್ರ. ಮೊದಲನೇದಕ್ಕ 28 ಡಿಗ್ರಿ ಸುತ್ತಮುತ್ತ ಇದ್ರ ಸಾಕು, ಹತ್ತಾಕ ಹರದಾಡಾಕ ಟೊಂಗಿ ಬೇಕು. ಎರಡನೇದಕ್ಕ ಬೆಚ್ಚನ್ನ ತುದಿ 31-32 ಡಿಗ್ರಿ ಇರಬೇಕು, ಗಾಳ್ಯಾಗ ತೇವ ಶೇ 60ರ ಆಸುಪಾಸು ಇರಬೇಕು. ಅದು ಭಾಳ ನಾಚಿಕಿ ಹಾವು, ಮನಸ್ಸಿಗೆ ಬರಲಿಲ್ಲ ಅಂದ್ರ ತಿಂಗಳಗಟ್ಟಲೆ ಊಟ ಬಿಟ್ಟು ಮುದುಡಿ ಕುಂಡರ್ತೈತಿ.

ಹಾವಿನ ಮೈಗೆ ತಂದಾ ಬಿಸಿ ಅನ್ನೋದು ಇಲ್ಲ. ಅದಕ್ಕ ಪೆಟ್ಟಿಗಿಯ ಒಂದು ತುದಿಗೆ ಬಿಸಿ ಹಾಸು, ಇನ್ನೊಂದು ತುದಿ ತಂಪು, ಎರಡೂ ಕಡೆ ಅಡಗಾಕ ಒಂದೊಂದು ಗೂಡು. ಇಲಿ ನುಂಗಿದ ಹಾವು ಬಿಸಿ ತುದಿಗೆ ಹೋಗಿ ಬೀಳ್ತೈತಿ, ಹೊಟ್ಯಾಗಿನ ಇಲಿ ಅರಗಬೇಕಲ್ಲ. ಸಾಕಾತಂದ್ರ ತಂಪಿಗೆ ಬರ್ತೈತಿ. ಎರಡು ಹಾವು ಬಿಟ್ರಿ ಅನ್ರಿ, ಗಟ್ಟಿ ಇದ್ದದ್ದು ಬಿಸಿ ಗೂಡು ಹಿಡೀತೈತಿ. ಸಪ್ಪಗಿದ್ದದ್ದು ತಂಪಿನ್ಯಾಗ ಬಿದ್ದು, ನುಂಗಿದ್ದು ಅರಗದ ಕಾರ್ಕೊಂತೈತಿ. ಇಲ್ಲಾಂದ್ರ ಎರಡೂ ಒಂದರ ಮ್ಯಾಲೊಂದು ಅದ ಗೂಡಿನ್ಯಾಗ ತುರುಕ್ಕೊಂತಾವ. ಸಾಕಿದಾಂವ ಅದನ್ನ ನೋಡಿ "ಎಷ್ಟ್ ಪ್ರೀತಿ ನೋಡ್ರೀ" ಅಂತ ಫೋಟೋ ಹೊಡೀತಾನ. ಪ್ರೀತಿ ಎಲ್ಲೀದೋ ಮಾರಾಯಾ, ಅದು ಜಾಗದ ಜಗಳ.

ಇನ್ನ ಊಟದ ಹೊತ್ತು. ಒಂದು ಇಲಿ ಬಿತ್ತು. ಒಂದು ಹಾವು ತೆಲಿ ಕಡೆಯಿಂದ ಹಿಡೀತು, ಇನ್ನೊಂದು ಬಾಲದ ಕಡೆಯಿಂದ. ಇಬ್ರೂ ನುಂಗಿಕೋತ ನುಂಗಿಕೋತ ನಡುವ ಮುಖಾಮುಖಿ ಆದ್ರು. ಹಾವಿನ ಹಲ್ಲು ಎಲ್ಲಾ ಹಿಂದಕ್ಕ ಬಾಗಿರ್ತಾವ. ಒಳಗ ಹೋಗೋದು ಸಸಾರ, ಬಿಡಿಸಿಕೊಳ್ಳೋದು ತ್ರಾಸು. ದೊಡ್ಡದು ನಿಂದ್ರಂಗಿಲ್ಲ, ಇಲಿ ಜೋಡಿ ಎದುರಿಗಿದ್ದದ್ದನ್ನೂ ಒಳಗ ಎಳಕೊಂತೈತಿ. ಕೆಲವಕ್ಕಂತೂ ಇಲಿಯ ನೆವನೂ ಬೇಕಾಗಿಲ್ಲ. ಅಮೆರಿಕಾದ ಕಿಂಗ್ ಸ್ನೇಕ್ ಗಿಲಕಿ ಹಾವನ್ನೂ ಬಿಡಂಗಿಲ್ಲ. ನಮ್ಮ ಕಟ್ಟು ಹಾವು, ನಾಗರಹಾವು ಬ್ಯಾರೆ ಹಾವು ಸಿಕ್ರ ನುಂಗ್ತಾವ. ಆಗುಂಬೆ ಕಡೆಯ ಕಾಳಿಂಗಕ್ಕ ಹಾವ ಮುಖ್ಯ ಊಟ. ಈ ಕಾಳಿಂಗನ ಮನೆತನಕ್ಕ ವಿಜ್ಞಾನಿಗಳು 2024ರಾಗ ಹಿಸ್ಸೆ ಮಾಡಿ ನಾಕು ಪಾಲು ಹಾಕ್ಯಾರ. ಪಶ್ಚಿಮ ಘಟ್ಟದ ಪಾಲಿಗೆ 'ಕಾಳಿಂಗ' ಅನ್ನೋ ನಮ್ಮ ಹೆಸರ ಖಾಯಂ ಆತು. ಒಂದ ಜಾತಿ ಅಂತ ಇಷ್ಟು ದಿನ ಕೂಡಿಸಿಟ್ಟಿದ್ದನ್ನೂ ಬ್ಯಾರೆ ಮಾಡ್ಯಾರ ಅಂದಮ್ಯಾಲೆ, ನಮ್ಮ ಅಳಿಯಂದು ಏನಿದು ಹೊಸಾ ಸಂಸಾರ?

ಹುಡುಗ ಬಿಡ್ತಾನೇನು? "ಊರಾಗ ನೀವ ಹೇಳ್ತಿದ್ರಿ, ಕೇರಿ ಹಾವು ಗಂಡ, ನಾಗರಹಾವು ಹೆಂಡತಿ ಅಂತ. ಹೊಲದ ಬದುವಿನ್ಯಾಗ ಎರಡೂ ಹೆಣಕೊಂಡು ಕುಣಿಯೋದು ನಾನೂ ನೋಡೀನಿ."

ನೋಡಿದ್ದು ಖರೆ. ಆದ್ರ ಅಲ್ಲಿ ಹೆಂಡತೀನ ಇಲ್ಲ. ಅವು ಎರಡೂ ಗಂಡು ಕೇರಿ ಹಾವು, ಹೆಣ್ಣಿನ ಸಲುವಾಗಿ ಕುಸ್ತಿ ಹಿಡದಿರ್ತಾವ. ಕಡಿಯೋದಿಲ್ಲ, ಮೈಗೆ ಮೈ ಹೊಸದು ಒಂದರ ತೆಲಿ ಇನ್ನೊಂದು ನೆಲಕ್ಕ ಒತ್ತಬೇಕು, ಅಷ್ಟ ಆಟ. ನಾವು ದೂರ ನಿಂತು ಕೈ ಮುಗದು, ಮಕ್ಕಳಾಗಲಿ ಅಂತ ಬೇಡಿಕೊಂಡು ಬರ್ತೀವಿ. ನಾಗರಹಾವಿಗೆ ಕೇರಿ ಹಾವು ಸಿಕ್ರ ಮದುವಿ ಊಟ ಆಗ್ತೈತಿ ಖರೆ, ಆದ್ರ ವರನ ಊಟ.

"ಅಮೆರಿಕಾದಾಗ ಗಿಲಕಿ ಹಾವು, ಅಲ್ಲಿಯ ಕರಿ ಕೇರಿ ಹಾವು, ಕಾಪರ್‌ಹೆಡ್ ಮೂರೂ ಚಳಿಗಾಲದಾಗ ಒಂದ ಬಿಲದಾಗ ಮಲಗ್ತಾವಂತಲ್ಲ?" ಅಂದ. ಓದ್ಯಾನ ಮಗ! ಹೌದು, ಮಲಗ್ತಾವ. ಕೆನಡಾದ ನಾರ್ಸಿಸ್ ಅನ್ನೋ ಕಡೆ ಗಾರ್ಟರ್ ಹಾವು ಸುಣ್ಣಗಲ್ಲಿನ ಬಿಲದಾಗ ಸಾವಿರಗಟ್ಟಲೆ ಕೂಡಿ ಚಳಿ ಕಳೀತಾವ. ಆದ್ರ ಆವಾಗ ಹೊರಗ ಹಿಮ, ಒಳಗ ಯಾರಿಗೂ ಹಸಿವಿಲ್ಲ, ಯಾರ ಮೈಯಾಗೂ ಕಸುವಿಲ್ಲ. ಬಿಸಲು ಬಿತ್ತಂದ್ರ ತಮ್ಮ ತಮ್ಮ ದಾರಿ ಹಿಡೀತಾವ. ನಿನ್ನ ಪೆಟ್ಟಿಗ್ಯಾಗ ಹಾವಿಗೆ ಹೊರಗ ಹೋಗೋ ದಾರಿ ಎಲ್ಲಿ ಐತಪಾ?

ಮತ್ತ ರೋಗ. ಕೆಲವು ಬೋವಾ ಹಾವಿನ ಮೈಯಾಗ ಒಂದು ವೈರಸ್ ಇರ್ತೈತಿ, 2012ರಾಗ ಅದರ ಗುರುತು ಸಿಕ್ತು. ಬೋವಾ ಎಷ್ಟೋ ಸಲ ವರ್ಷಗಟ್ಟಲೆ ಏನೂ ಆಗದಂಗ ಆರಾಮ ಇರ್ತೈತಿ. ಅದ ರೋಗ ಪೈಥಾನ್‌ಗೆ ಹತ್ತಿದ್ರ ತೆಲಿ ಮ್ಯಾಲೆ ಎತ್ತಿ ಆಕಾಶ ನೋಡಿಕೋತ, ಮೈ ತಿರುವಿಕೋತ ಲಗೂನ ಸಾಯ್ತೈತಿ. ದಾಟಸಾಕ ಹಾವಿನ ಹೇನೂ ಸಾಕು ಅನ್ನೋ ಗುಮಾನಿ ಐತಿ. ಅದಕ್ಕ ತಿಳದಾವ್ರು ಹೊಸಾ ಹಾವನ್ನ ಎರಡು-ಮೂರು ತಿಂಗಳು ಬ್ಯಾರೆ ಖೋಲ್ಯಾಗ ಇಟ್ಟು ನೋಡ್ತಾರ.

ಇಷ್ಟೆಲ್ಲಾ ಪರದೇಶದ ಹಾವಿನ ಮಾತು. ನಮ್ಮ ಹೊಲದಾಗಿನ ನಾಗರ, ಕೇರಿ, ಮಣ್ಣುಮುಕ್ಕ ಹಿಡದು ಮನ್ಯಾಗ ಇಟ್ರ 1972ರ ವನ್ಯಜೀವಿ ಕಾಯ್ದೆ ನಿನ್ನನ್ನ ಬ್ಯಾರೆ ಖೋಲ್ಯಾಗ ಇಡತೈತಿ. ಎರಡು ತೆಲಿ ಹಾವು ಅಂತ ಮಣ್ಣುಮುಕ್ಕನ ಬೆನ್ನು ಹತ್ತಿ ಸಾಹುಕಾರ ಆಗಾಕ ಹೊಂಟಾವ್ರು ಪೊಲೀಸರ ಕೈಯಾಗ ಸಿಕ್ಕಿದ್ದು ಪೇಪರಿನಾಗ ಬರ್ತಾನ ಇರ್ತೈತಿ. ಬಾಲ್ ಪೈಥಾನ್‌ಗೂ 2024ರ ನಿಯಮದ ಪ್ರಕಾರ ಸರ್ಕಾರದ ಪರಿವೇಶ್ ಪೋರ್ಟಲ್‌ನಾಗ ನೋಂದಣಿ ಬೇಕು. ಅದ್ಯಾವುದೂ ಬ್ಯಾಡ ಅಂದಾವ್ರ ಧೈರ್ಯ ಕೇಳ್ರಿ: 2023ರ ಸೆಪ್ಟೆಂಬರ್‌ನಾಗ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕ ಬಂದ ಸಾಮಾನಿನ್ಯಾಗ 55 ಬಾಲ್ ಪೈಥಾನ್, 17 ಕಾಳಿಂಗ, ಜೋಡಿಗೆ 6 ಕಪುಚಿನ್ ಮಂಗ್ಯಾ ಸಿಕ್ಕವು. ಹಾವು ಜೀವಂತ ಇದ್ವು, ಮಂಗ್ಯಾ ಸತ್ತಿದ್ವು. ಹಾವು ತಿನ್ನೋ ಹಾವು, ತಿನ್ನಾಕ ಸಿಗೋ ಹಾವು ಒಂದ ಸಾಮಾನಿನ್ಯಾಗ! ಒಂದು ಮುಚ್ಚಳ ಸಡ್ಲಾಗಿದ್ರ ಕಸ್ಟಮ್ಸಿನಾವ್ರಿಗೆ ಎಣಿಕಿ ಕೆಲಸ ಕಡಿಮಿ ಆಗ್ತಿತ್ತು.

ಬದಾಮಿಯ ಮೊದಲನೇ ಗವಿಗೆ ಹೋದ್ರ ಕತ್ತು ಎತ್ತಿ ಛತ್ತು ನೋಡ್ರಿ. ನಾಗರಾಜ ಸುರುಳಿ ಸುತ್ತಿಕೊಂಡು ತನ್ನ ಚೌಕಟ್ಟಿನ್ಯಾಗ ಒಬ್ಬನ ಆರಾಮ ಕುಂತಾನ. ಜೋಡಿ ಜೋಡಿಯಾಗಿ ಹಾರೋ ಗಂಡು-ಹೆಣ್ಣಿಗೆ ಚಾಲುಕ್ಯರ ಕಲ್ಲುಕುಟಿಗ ಬ್ಯಾರೆ ಚೌಕಟ್ಟು ಕೊಟ್ಟಾನ. ಕೂಡಲಸಂಗಮದ ಬಸವಣ್ಣನವರು ಕಲ್ಲಿನ ನಾಗರಕ್ಕೊಂದು ನ್ಯಾಯ, ಜೀವದ ನಾಗರಕ್ಕೊಂದು ನ್ಯಾಯ ಮಾಡೋ ನಮ್ಮನ್ನ 12ನೇ ಶತಮಾನದಾಗ ಛೇಡಿಸಿದ್ರು. ಈಗಿನ ಮಂದಿ ಹಾವನ್ನ ಬಡಿಯೋದು ಬಿಟ್ಟು ಮುದ್ದು ಮಾಡಾಕ ಹತ್ಯಾರ, ಛಲೋನ ಆತು. ಆದ್ರ ಮುದ್ದಿನ್ಯಾಗೂ ತಮ್ಮ ಆಸೇನ ಅದರ ಮ್ಯಾಲೆ ಹೊರಸ್ತಾರ. ಪಂಚಮಿಗೆ ಮಣ್ಣಿನ ನಾಗಪ್ಪಗ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಅಂತ ಬೆಲ್ಲದ ಹಾಲು ಎರೀತೀವಲ್ಲ, ಹಾವು ಹಾಲು ಕುಡಿಯೋ ಜಾತೀನ ಅಲ್ಲ. ಅದೂ ನಮ್ಮ ಸಮಾಧಾನಕ್ಕ.

ಕಡೀಕ ಹುಡುಗ ಕೇಳಿದ: "ಹಂಗಾದ್ರ ಎರಡನೇ ಹಾವು ತರಲ್ಯಾ, ಬ್ಯಾಡೋ?"

"ತಾರಪಾ. ಆದ್ರ ಮೊದಲು ನೋಂದಣಿ ಕಾಗದ, ಆಮ್ಯಾಲೆ ಎರಡನೇ ಪೆಟ್ಟಿಗಿ, ಎರಡನೇ ಬಿಸಿ ಹಾಸು, ಅದಕ್ಕೊಂದು ಥರ್ಮೋಸ್ಟ್ಯಾಟ್. ಹಾವು ಎಲ್ಲಾದ್ರಕಿಂತ ಕಡೀಕ."

"ಖರ್ಚು ಭಾಳ ಆಗ್ತೈತಿ ಮಾಮಾ. ಆದ್ರ ಇದ್ದದ್ದು ಒಂದ ಹಾವು, ಪಾಪ..."

"ಅದಕ್ಕೇನೂ ಬ್ಯಾಸರಿಲ್ಲೋ ತಮ್ಮಾ, ಬಿಸಿ ಗೂಡು ಪೂರಾ ತಂದಾ ಅಂತ ಖುಷೀಲೆ ಬಿದ್ದೈತಿ. ಬ್ಯಾಸರ ಆಗಿದ್ದು ನಿನಗ. ಅದಕ್ಕ ಔಷಧ ನಿಮ್ಮವ್ವನ ಹಂತ್ಯಾಕ ಐತಿ, ಇಳಕಲ್ಲಾಗ ಕನ್ಯಾ ನೋಡ್ಯಾಳ."

ಆ ಕಡಿಂದ ಫೋನ್ ಕಟ್ಟಾತು. ಮಾತುಕತಿ ಮುಂದಿನ ಸೋಮವಾರ ಐತಿ. ಹಾವಿನ ಸುದ್ದಿ ಹೆಣ್ಣಿನ ಕಡೆಯಾವ್ರಿಗೆ ಇನ್ನೂ ಯಾರೂ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.