ಗುಲಾಮರನ್ನಿಟ್ಟುಕೊಂಡೇ ಸ್ವಾತಂತ್ರ್ಯ ಸಾರುವ ಕ್ರಮ

ಮೊದಲು ಫಿಲಡೆಲ್ಫಿಯಾದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯಿರಿ. ಚಾಕರಿಗೆ ಊರಿನಿಂದ ಗುಲಾಮ ಹುಡುಗನೊಬ್ಬನನ್ನು ಕರೆತನ್ನಿ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ತಂದಿದ್ದು ರಾಬರ್ಟ್ ಹೆಮ್ಮಿಂಗ್ಸ್‌ನನ್ನು, ವಯಸ್ಸು 14. ಅವನು ಬಟ್ಟೆ ಮಡಿಸಿಡುತ್ತಿರಲಿ, ನೀವು ಮನುಷ್ಯರೆಲ್ಲ ಸಮಾನರೆಂದು ಬರೆಯಿರಿ.

ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನೂ ಬಯ್ಯಿರಿ. ತಪ್ಪೆಲ್ಲ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ತಲೆಗೆ ಕಟ್ಟಿ. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರು ಮುಖ ಸಿಂಡರಿಸಿದರೆ ಆ ಭಾಗ ಹೊಡೆದುಹಾಕಿ. ಬಯ್ದ ಪುಣ್ಯ ನಿಮಗೆ, ವ್ಯಾಪಾರ ಅವರಿಗೆ.

1787ರಲ್ಲಿ ಸಂವಿಧಾನಕ್ಕೆ ಕೈಹಾಕುವಾಗ ಭಾಷೆ ಸಭ್ಯವಾಗಿರಲಿ. ಗುಲಾಮರೆನ್ನಬೇಡಿ, ‘ಇತರ ವ್ಯಕ್ತಿಗಳು’ ಅನ್ನಿ, ತಿಳಿಯಬೇಕಾದವರಿಗೆ ತಿಳಿಯುತ್ತದೆ. ಅವರಿಗೆ ಮತದ ಹಕ್ಕು ಕೊಡಬೇಡಿ, ಆದರೆ ತಲೆ ಎಣಿಸುವಾಗ ಕೈಬಿಡಲೂ ಬೇಡಿ: ಐವರಿದ್ದರೆ ಮೂವರೆಂದು ಬರೆದುಕೊಳ್ಳಿ. ಕೆಳಮನೆಯಲ್ಲಿ ನಿಮ್ಮ ರಾಜ್ಯಕ್ಕೆ ಸ್ಥಾನ ಹೆಚ್ಚುತ್ತದೆ, ಅಧ್ಯಕ್ಷರ ಆಯ್ಕೆಯಲ್ಲೂ ನಿಮ್ಮ ಮಾತು ನಡೆಯುತ್ತದೆ. ಆಮದು ನಿಲ್ಲಿಸಿ ಎಂದು ಕೂಗುವವರಿಗೆ 1808ರ ವಾಯಿದೆ ಹೇಳಿ. ಅಲ್ಲಿಯವರೆಗೆ ಆ ವಿಧಿಯನ್ನು ತಿದ್ದುವಂತಿಲ್ಲವೆಂದೂ ಸೇರಿಸಿಬಿಡಿ.

ಅಧ್ಯಕ್ಷರಾದಿರೋ, ಸ್ವಲ್ಪ ತೊಡಕಿದೆ. ಆಗಿನ ರಾಜಧಾನಿ ಫಿಲಡೆಲ್ಫಿಯಾ. ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ, ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಅಲ್ಲಿ ನೆಲೆಸಿದರೆ ಬಿಡುಗಡೆ ಪಡೆಯಬಹುದು. ಜಾರ್ಜ್ ವಾಷಿಂಗ್ಟನ್ ಮಾಡಿದಂತೆ ಮಾಡಿ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ. ಆರು ತಿಂಗಳು ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ, ಆಮೇಲೆ ವಾಪಸು ಕರೆಸಿ; ಎಣಿಕೆ ಮತ್ತೆ ಮೊದಲಿನಿಂದ. ಈ ಓಡಾಟವನ್ನೂ 1788ರ ತಿದ್ದುಪಡಿ ನಿಷೇಧಿಸಿದೆ, ಆದ್ದರಿಂದ ಬಾಯಿ ಬಿಡಬೇಡಿ. ಗುಲಾಮರಿಗೂ ಗೊತ್ತಾಗಬಾರದು, ಜನರಿಗೂ ಗೊತ್ತಾಗಬಾರದು, ಅಂಥ ನೆಪ ಹುಡುಕೆಂದು ವಾಷಿಂಗ್ಟನ್ 1791ರಲ್ಲಿ ಕಾರ್ಯದರ್ಶಿಗೆ ಬರೆದಿದ್ದರು. ನಿಮ್ಮ ಕಾರ್ಯದರ್ಶಿಯೂ ಅಷ್ಟು ನಂಬಿಗಸ್ತನಾಗಿರಲಿ. ಪತ್ರ ಮಾತ್ರ ಸುಟ್ಟುಬಿಡಿ, ಅವರು ಅದೊಂದನ್ನು ಮರೆತರು.

ಊಟಕ್ಕೆ ಕೂತಾಗ ಬಾಗಿಲ ಕಡೆ ಒಂದು ಕಣ್ಣಿಡಿ. 1796ರಲ್ಲಿ ವಾಷಿಂಗ್ಟನ್ ಮನೆಯ ಗುಲಾಮ ಹೆಣ್ಣು ಓನಾ ಜಡ್ಜ್ ಮನೆ ಬಿಟ್ಟು ಹೋದದ್ದು ಯಜಮಾನರು ಊಟ ಮಾಡುತ್ತಿದ್ದಾಗಲೇ. ಹಾಗೇನಾದರೂ ಆದರೆ ಪತ್ರಿಕೆಗೆ ಜಾಹೀರಾತು ಕೊಡಿ. ಬಹುಮಾನ 10 ಡಾಲರ್ ಸಾಕು. ಸಿಗುತ್ತಾಳೆಂಬ ಭರವಸೆ ನಾನು ಕೊಡಲಾರೆ. ಆಕೆ ಕೊನೆಗೂ ಕೈಗೆ ಸಿಗಲಿಲ್ಲ.

ಅಂತರ್ಯುದ್ಧ ನಡೆದು, 1865ರಲ್ಲಿ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂದು ಗುಲಾಮಗಿರಿ ರದ್ದಾದರೆ ಎದೆಗುಂದಬೇಡಿ, ವಾಕ್ಯವನ್ನು ಪೂರ್ತಿ ಓದಿ. ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ವಿನಾಯಿತಿ ಇದೆ. ಕೆಲಸವಿಲ್ಲದೆ ತಿರುಗುವುದನ್ನು ಅಪರಾಧವೆಂದು ಸಾರಿ, ಜೈಲಿಗೆ ಜಾಗ ನೋಡಿ.