ಮೆಂಬರ್‌ಶಿಪ್ಪು ನಿಮಗಾ, ಆಂಟೀ?

ಕೌಂಟರಿನ ಹಿಂದೆ ಕೂತು ಮುಖ ಗಂಟು ಹಾಕುವುದು ಒಂದು ವಿದ್ಯೆ. ಇದನ್ನು ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ಬಂಟ್ವಾಳ ತಾಲೂಕಿನ ಮೂಲೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಕೂದಲು ಕಪ್ಪಿದ್ದಾಗಿನಿಂದ ಕೂತವಳು ನಾನು. "ಸರ್ವರ್ ಇಲ್ಲ", "ಆರ್‌ಟಿಸಿ ಹಳತಾಯಿತು, ಹೊಸತು ತನ್ನಿ", "ಸೆಕ್ರೆಟರಿ ಮೀಟಿಂಗಿಗೆ ಹೋಗಿದ್ದಾರೆ" ಎಂಬ ಮೂರು ಮಂತ್ರಗಳಲ್ಲಿ ಎಂಥ ಗ್ರಾಹಕನನ್ನೂ ಮೆಟ್ಟಿಲು ಇಳಿಸಬಲ್ಲೆ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ಆ ಏಳು ದಿನ ಮಾತ್ರ ನಾವು ನಗುತ್ತೇವೆ, 21ಕ್ಕೆ ಬ್ಯಾನರಿನ ಜತೆ ನಗುವನ್ನೂ ಮಡಚಿ ಇಡುತ್ತೇವೆ. ಇಷ್ಟು ಪಳಗಿದ ನನ್ನನ್ನೇ ಕೌಂಟರಿನ ಈಚೆ ನಿಲ್ಲಿಸಿ ನೀರು ಇಳಿಸಿದವರು ನಮ್ಮ ಕಡೆಯ ಜಿಮ್ಮುಗಳ ಹುಡುಗರು. ಅವರ ಕಸುಬುದಾರಿಕೆಗೆ ಒಂದು ನಮಸ್ಕಾರ ಹಾಕಿಯೇ ಮುಂದುವರಿಯುತ್ತೇನೆ.

ಮೊಣಕಾಲು ನೋವೆಂದು ತೋರಿಸಲು ಹೋದಾಗ ಡಾಕ್ಟರು ಮೊಣಕಾಲನ್ನು ಮುಟ್ಟಿಯೂ ನೋಡದೆ ತೂಕದ ಯಂತ್ರ ತೋರಿಸಿದರು. ಕಿಲೋವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದರು. ನನ್ನದು 31. ನಮ್ಮ ಸೊಸೈಟಿಯಲ್ಲಿ ಸುಸ್ತಿದಾರರಿಗೂ ಅಷ್ಟು ಬಡ್ಡಿ ಹಾಕುವುದಿಲ್ಲ. ಮನೆಗೆ ಬಂದು ಓದಿ ನೋಡಿದರೆ ಈ ಲೆಕ್ಕ ಹಾಕಿದ ಕ್ವೆಟೆಲೆ ಎಂಬಾತ ವೈದ್ಯನೇ ಅಲ್ಲ! ಬೆಲ್ಜಿಯಂ ದೇಶದಲ್ಲಿ 1830ರ ದಶಕದಲ್ಲಿದ್ದ ಖಗೋಳ ಪಂಡಿತ. ನಕ್ಷತ್ರ ನೋಡುತ್ತಿದ್ದವನು ಸರಾಸರಿ ಮನುಷ್ಯ ಹೇಗಿರುತ್ತಾನೆಂದು ಹುಡುಕಲು ಹೊರಟು ಈ ಸೂತ್ರ ಬಿಟ್ಟುಹೋದ. "ನೋಡಿ, ಜಾತಕ ಬರೆಯುವವರ ಹಾಗೆ ಇದೂ ನಕ್ಷತ್ರದವನ ಲೆಕ್ಕವೇ" ಎಂದು ಇವರಿಗೆ ಹೇಳಿದೆ. "ಮೊಣಕಾಲು ನಿನ್ನದೇ ಅಲ್ವಾ?" ಎಂದರು ಇವರು. ವಾದ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಲ್ಲಿರುವ ಮಗಳು ಆನ್‌ಲೈನಿನಲ್ಲಿ ಗುಲಾಬಿ ಬಣ್ಣದ ಶೂ ಕಳಿಸಿದಳು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಗಳದಲ್ಲಿ ಅಡಿಕೆ ಹೆಕ್ಕಲಿಕ್ಕೆ ಬಗ್ಗು ಅಂದರೆ ಸೊಂಟ ನೋವು ಅಂತೀಯ. ಅಲ್ಲಿ ಬಗ್ಗಲಿಕ್ಕೆ ತಿಂಗಳಿಗೆ ದುಡ್ಡು ಕೊಡ್ತೀಯಾ?" ಎಂದರು. ಇವರದ್ದು ಬೇರೆಯೇ ಸಲಹೆ: "ಗಡಾಯಿಕಲ್ಲು ಹತ್ತಿ ಇಳಿ. ಮೆಟ್ಟಿಲು 1,800ಕ್ಕೂ ಮೇಲೆ ಉಂಟಂತೆ. ಜಿಮ್ಮಿನಷ್ಟು ಖರ್ಚಿಲ್ಲ." ಬೆಳ್ತಂಗಡಿಯ ಹತ್ತಿರ ಆ ಬಂಡೆಯ ನೆತ್ತಿಗೆ ಟಿಪ್ಪು ಸುಲ್ತಾನ 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನಂತೆ. ಬೇಡವಾದವರನ್ನು ಆ ನೆತ್ತಿಯಿಂದಲೇ ಕೆಳಗೆ ದೂಡುತ್ತಿದ್ದರೆಂದು ಊರಿನವರು ಹೇಳುವುದುಂಟು. "ನಿಮ್ಮ ಉದ್ದೇಶ ನನಗೆ ಗೊತ್ತಾಯಿತು" ಎಂದು ಹೇಳಿ ಶೂ ಕಟ್ಟಿಕೊಂಡು ಬಿ.ಸಿ. ರೋಡಿನ ಬಸ್ಸು ಹತ್ತಿದೆ.

ಜಿಮ್ಮು ಇದ್ದದ್ದು ಕಾಂಪ್ಲೆಕ್ಸಿನ ಮೂರನೇ ಮಾಳಿಗೆಯಲ್ಲಿ. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿತ್ತು. ಇದು ಪ್ರವೇಶ ಪರೀಕ್ಷೆಯೇ ಇರಬೇಕೆಂದು ಗೋಡೆ ಹಿಡಿದು ಹತ್ತಿದೆ. ಮೇಲೆ ತಲುಪುವಾಗ ನನ್ನಿಂದ ಹೊರಡುತ್ತಿದ್ದ ಸದ್ದು ಕೇಳಿ ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತಿದ.

"ಬ್ಯೂಟಿ ಪಾರ್ಲರ್ ಕೆಳಗೆ, ಆಂಟಿ."

"ಪಾರ್ಲರಿಗಲ್ಲ, ಜಿಮ್ಮಿಗೆ."

"ಮಗನನ್ನು ಸೇರಿಸಲಿಕ್ಕಾ?"

"ನಾನು ಸೇರಲಿಕ್ಕೆ."

"ಮೆಂಬರ್‌ಶಿಪ್ಪು ನಿಮಗಾ, ಆಂಟೀ?" ಎಂದು ಆ ಕೊನೆಯ ಈಕಾರವನ್ನು ಅವನು ಎಳೆದ ಉದ್ದವಿತ್ತಲ್ಲ, ಅದು ಫ್ಲೈಓವರಿನ ಈ ತುದಿಯಿಂದ ಆ ತುದಿಯವರೆಗೆ ಕೇಳಿರಬೇಕು. ಆಮೇಲೆ ಒಳಕ್ಕೆ ಕೂಗಿದ: "ಅಣ್ಣಾ, ಒಂದು ಆಂಟಿ ಬಂದಿದ್ದಾರೆ, ಎಂತ ಹೇಳುವುದು?"

ಅಣ್ಣ ಹೊರಗೆ ಬಂದ. ತೋಳುಗಳು ಪಕ್ಕೆಗೆ ತಾಗದಷ್ಟು ದೂರದಲ್ಲಿ ನೇತಾಡುತ್ತಿದ್ದವು. ನನ್ನನ್ನು ನೋಡಿದ ಮೊದಲ ಕ್ಷಣವೇ ಲೇಡೀಸ್ ಟೈಮ್ ಬೆಳಿಗ್ಗೆ ಹನ್ನೊಂದರಿಂದ ಒಂದು ಎಂದ. ಆ ಹೊತ್ತಿಗೆ ನಾನು ಸೊಸೈಟಿಯಲ್ಲಿ ಸರ್ವರ್ ಇಲ್ಲ ಎನ್ನುತ್ತಿರಬೇಕಲ್ಲ! ಕೆಲಸಕ್ಕೆ ಹೋಗುವ ಹೆಂಗಸರು ದಪ್ಪ ಆಗುವುದಿಲ್ಲವಾ ಎಂದು ಕೇಳಿದೆ. ಅವನು ಅದಕ್ಕೆ ಉತ್ತರ ಕೊಡದೆ ತೂಕದ ಯಂತ್ರವನ್ನು ಕಾಲಿನಿಂದ ನನ್ನತ್ತ ತಳ್ಳಿದ. ಹತ್ತಿ ನಿಂತೆ. "ಎಪ್ಪತ್ತಾರು ಪಾಯಿಂಟ್ ನಾಲ್ಕು!" ಎಂದು ಅಡಿಕೆ ಮಂಡಿಯಲ್ಲಿ ಗೋಣಿ ತೂಗಿದ ಹಾಗೆ ಗಟ್ಟಿಯಾಗಿ ಕೂಗಿದ, ಒಳಗೆ ಕಬ್ಬಿಣ ಎತ್ತುತ್ತಿದ್ದವರೆಲ್ಲ ಇಳಿಸಿ ನೋಡಿದರು. ಆ ಪಾಯಿಂಟ್ ನಾಲ್ಕನ್ನಾದರೂ ಮನ್ನಾ ಮಾಡಬಹುದಿತ್ತು. ನಾವು ಬಡ್ಡಿಯಲ್ಲಿ ಪೈಸೆ ಬಿಡುವುದಿಲ್ಲವೇ?

"ಆಂಟಿ, ನೀವು ಮೊದಲು ಮನೆಯಲ್ಲೇ ವಾಕಿಂಗ್ ಮಾಡಿ ಹತ್ತು ಕಿಲೋ ಇಳಿಸಿ. ಆಮೇಲೆ ಬನ್ನಿ, ನೋಡುವಾ."

"ಇಳಿಸಲಿಕ್ಕೇ ಅಲ್ವಾ ಇಲ್ಲಿಗೆ ಬಂದದ್ದು?"

"ಮೆಷಿನೆಲ್ಲ ಹೊಸತು, ಆಂಟಿ."

ನನಗೆ ಸಿಟ್ಟು ಬಂತೆನ್ನುವುದಕ್ಕಿಂತ ಗೌರವ ಬಂತು. ಸಾಲ ಕೇಳಿ ಬಂದವನಿಗೆ ನಾವೂ ಇದನ್ನೇ ಹೇಳುವುದು: ನಿಮ್ಮ ಹೆಸರಿನಲ್ಲಿ ಮೊದಲು ಒಂದು ಡಿಪಾಸಿಟ್ ಇರಲಿ, ಆಮೇಲೆ ನೋಡುವಾ. ದುಡ್ಡಿದ್ದವನಿಗೆ ಸಾಲ, ತೆಳ್ಳಗಿದ್ದವಳಿಗೆ ಜಿಮ್ಮು. ಆದರೆ ನಮ್ಮ ನಿಯಮ ಬೈಲಾದಲ್ಲಿ ಬರೆದಿದೆ. ಇವರದ್ದು ಆ ಹುಡುಗನ ಹುಬ್ಬಿನಲ್ಲಿ ಬರೆದಿತ್ತು.

ಇಳಿಯುವಾಗ ಕೆ.ವಿ. ಅಯ್ಯರ್ ನೆನಪಾದರು. 'ಶಾಂತಲಾ' ಬರೆದವರೇ. ಹುಡುಗಿಯಾಗಿದ್ದಾಗ ಆ ಕಾದಂಬರಿ ಓದಿ ತಲೆದಿಂಬು ಒದ್ದೆ ಮಾಡಿಕೊಂಡವಳು ನಾನು. ಅದನ್ನು ಬರೆದ ಕೈ ಬಾರ್‌ಬೆಲ್ ಎತ್ತುವ ಕೈ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ದೇಹದಾರ್ಢ್ಯದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಮೈಸೂರಿನ ಮಹಾರಾಜರಿಗೂ ವ್ಯಾಯಾಮ ಹೇಳಿಕೊಟ್ಟ ಮನುಷ್ಯ, ಅದರ ನಡುವೆ 'ಶಾಂತಲಾ', 'ರೂಪದರ್ಶಿ' ಬರೆದರು. ಇದಕ್ಕಿಂತ ನನಗೆ ಹಿಡಿಸಿದ್ದು ಅವರ ಅಂಚೆ ಪಾಠ. ದೂರದ ಊರಿನವರಿಗೆ ವ್ಯಾಯಾಮವನ್ನು ಟಪಾಲಿನಲ್ಲಿ ಕಳಿಸುತ್ತಿದ್ದರು. ಎಷ್ಟು ಒಳ್ಳೆಯ ಏರ್ಪಾಡು ನೋಡಿ! ಲಕೋಟೆ ನಿಮ್ಮನ್ನು ಮೇಲಿಂದ ಕೆಳಕ್ಕೆ ನೋಡುವುದಿಲ್ಲ, "ನಿಮಗಾ?" ಎನ್ನುವುದಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ಮಾತ್ರ ಅದನ್ನು ಒಡೆದು ಓದಿ, ಊರಿಡೀ ಹೇಳಿ, ಆಮೇಲೆ ತಂದುಕೊಡುತ್ತಿದ್ದ.

ಬೆಳ್ತಂಗಡಿಯದ್ದು ಚಿಕ್ಕ ಕತೆ. ನಾದಿನಿಯ ಮನೆಗೆ ಹೋದವಳು ಅಲ್ಲಿಯದ್ದೂ ಒಂದು ನೋಡಿ ಬಂದೆ. ಅಲ್ಲಿ ಒರಟುತನ ಇರಲಿಲ್ಲ, ಸತ್ಯಸಂಧತೆ ಇತ್ತು. "ತಿಂಗಳಿನದ್ದು ಇಲ್ಲ, ಒಂದು ವರ್ಷದ್ದು ಒಟ್ಟಿಗೆ ಕಟ್ಟಬೇಕು. ನಿಮ್ಮಂಥವರು ಹೇಗೂ ಎರಡನೇ ವಾರದಿಂದ ಬರುವುದಿಲ್ಲ" ಎಂದಳು ಹುಡುಗಿ, ನಗುತ್ತಲೇ. ತಲೆಯ ಮೇಲೆ ಬೋರ್ಡು: ಕಟ್ಟಿದ ಹಣ ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ. ಅದೇ ತಾಲೂಕಿನ ಉಜಿರೆಯಲ್ಲಿ, ಎಸ್‌ಡಿಎಂ ಕಾಲೇಜಿನಲ್ಲಿ, ಕುಸ್ತಿಯ ಕನಸು ಕಟ್ಟಿಕೊಂಡು ಬಂದಿದ್ದ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಎಂಬ ಹುಡುಗನ ಕೈಗೆ ಯಾರೋ ಭಾರ ಎತ್ತುವ ಸರಳು ಕೊಟ್ಟರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಅವರು ಬೆಳ್ಳಿ ತಂದರು. "ನಿನ್ನಂಥವರು ಎರಡನೇ ವಾರದಿಂದ ಬರುವುದಿಲ್ಲ" ಎಂದು ಯಾರಾದರೂ ಬಾಗಿಲಲ್ಲೇ ಹೇಳಿದ್ದರೆ? ನನ್ನನ್ನು ಅವರ ಜತೆ ಹೋಲಿಸಿಕೊಳ್ಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಾನು ದಿನಾ ಎತ್ತುವುದು 76.4, ಅದೂ ಬಸ್ಸಿನ ಫುಟ್‌ಬೋರ್ಡಿನವರೆಗೆ ಮಾತ್ರ.

ಉಳಿದದ್ದು ಮೂಡುಬಿದಿರೆ. ಆ ಊರಿನಲ್ಲಿ ದಪ್ಪಗಿರುವುದು ಕಷ್ಟ. ಎಲ್ಲಿ ನೋಡಿದರೂ ಕಾಲೇಜು, ಕಾಲೇಜಿನ ತುಂಬ ಓಟಗಾರರು. ಬೆಳಗಾದರೆ ಸ್ವರಾಜ್ಯ ಮೈದಾನದಲ್ಲಿ ಎಲುಬು, ನರ, ಉತ್ಸಾಹ ಬಿಟ್ಟರೆ ಬೇರೇನೂ ಇಲ್ಲದ ಮಕ್ಕಳು ಓಡುತ್ತಿರುತ್ತಾರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಒಂದು ಉಂಟಲ್ಲ, ಅದರ ಕಂಬಗಳ ಪಕ್ಕ ನಿಂತರೆ ಮಾತ್ರ ನಾನು ಆ ಊರಿನಲ್ಲಿ ತೆಳ್ಳಗೆ ಕಾಣುವುದು.

ಅಲ್ಲಿಯ ಜಿಮ್ಮಿನ ಹುಡುಗನ ಕಿವಿಯಲ್ಲಿ ಇಯರ್‌ಫೋನು. ನಾನು ಕೇಳಿದ್ದಕ್ಕೆಲ್ಲ ಗೋಡೆಯ ಮೇಲಿನ ಕ್ಯೂಆರ್ ಕೋಡ್ ತೋರಿಸಿದ. "ಎಲ್ಲ ಆ್ಯಪಿನಲ್ಲಿ ಉಂಟು, ಆಂಟಿ." ಆ್ಯಪು ನನ್ನ ಗುರಿ ಏನೆಂದು ಕೇಳಿತು. ಸಿಕ್ಸ್ ಪ್ಯಾಕ್, ಬ್ರೈಡಲ್ ಫಿಟ್‌ನೆಸ್, ಕ್ರೀಡಾ ತಯಾರಿ ಎಂಬ ಆಯ್ಕೆಗಳಿದ್ದವು. ಪಾಯಿಖಾನೆಯಿಂದ ಗೋಡೆ ಹಿಡಿಯದೆ ಏಳುವುದು ಎಂಬ ಆಯ್ಕೆ ಇರಲಿಲ್ಲ. ಇದ್ದುದರಲ್ಲಿ ಬ್ರೈಡಲ್ ಒತ್ತಿದೆ. ಹುಡುಗ ಅದನ್ನು ನೋಡಿ ಇಯರ್‌ಫೋನು ತೆಗೆದ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಟ್ರಯಲ್ ಎಂದು ಟ್ರೆಡ್‌ಮಿಲ್ಲಿನ ಮೇಲೆ ಹತ್ತಿಸಿ, ಗುಂಡಿ ಒತ್ತಿ, ಅವನು ಚಾ ಕುಡಿಯಲು ಇಳಿದು ಹೋದ. ನಿಲ್ಲಿಸುವುದು ಹೇಗೆಂದು ಹೇಳಲಿಲ್ಲ. ಈ ಯಂತ್ರದ ಮುತ್ತಜ್ಜ ಹುಟ್ಟಿದ್ದು ಇಂಗ್ಲೆಂಡಿನ ಜೈಲಿನಲ್ಲಿ. 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಸುಮ್ಮನೆ ಕೂತ ಕೈದಿಗಳಿಗೆಂದು ಹತ್ತಿದಷ್ಟೂ ಮುಗಿಯದ ಮೆಟ್ಟಿಲ ಚಕ್ರ ಮಾಡಿದ್ದ. ಆ ಕೈದಿಗಳಿಗಾದರೂ ಬಿಡುಗಡೆಯ ತಾರೀಕು ಗೊತ್ತಿತ್ತು. ನನ್ನ ಚೂಡಿದಾರದ ವೇಲು ಹಿಂದಕ್ಕೆ ಹಾರಿ, ಗುಲಾಬಿ ಶೂ ತನ್ನಷ್ಟಕ್ಕೆ ತಾನು ಓಡುತ್ತಾ, ನಾನು ಹಿಡಿಕೆಗೆ ಜೋತುಬಿದ್ದು "ಏ ಮಾರಾಯಾ, ಇದನ್ನು ನಿಲ್ಲಿಸಾ!" ಎಂದು ಬೊಬ್ಬೆ ಹೊಡೆದೆ. ಪಕ್ಕದಲ್ಲಿ ಓಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಕೈ ಚಾಚಿ ಕೆಂಪು ಗುಂಡಿ ಒತ್ತಿದಳು. "ಅಮ್ಮಾ, ಹತ್ತುವ ಮೊದಲು ಈ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಹಿಂದೆ ಜಾರಿದರೆ ತಾನಾಗಿ ನಿಲ್ತದೆ" ಎಂದಳು. ಅಷ್ಟರಲ್ಲಿ ಚಾ ಮುಗಿಸಿ ಬಂದ ಹುಡುಗ, "ಅದನ್ನೂ ಹೇಳಿಕೊಡಬೇಕಾ?" ಎಂದ.

ಹೌದು, ಹೇಳಿಕೊಡಬೇಕು. ಸಂಬಳ ಅದಕ್ಕೇ. ನಮ್ಮ ಸೊಸೈಟಿಯಲ್ಲಿ ಎಷ್ಟೇ ಮುಖ ಸಿಂಡರಿಸಿದರೂ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಹಿಡಿದು ಒತ್ತಿಸುತ್ತೇವೆ.

ಮನೆಯಲ್ಲಿ ಈ ಕತೆಯನ್ನು ನಾನು ಅಳುಮುಖದಲ್ಲಿ ಹೇಳಿದೆ, ಅವರು ನಗುಮುಖದಲ್ಲಿ ಕೇಳಿದರು. ಅತ್ತೆಗೆ ಕಂಬಳದ ಶ್ರೀನಿವಾಸ ಗೌಡರ ನೆನಪಾಯಿತು. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಅವರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೇ ಸುದ್ದಿಯಾಗಿತ್ತು. "ಅವನು ಯಾವ ಟ್ರೆಡ್‌ಮಿಲ್ಲು ಹತ್ತಿದ್ದ?" ಎಂದರು ಅತ್ತೆ. ಎದುರಿನಿಂದ ಎರಡು ಕೋಣ ಎಳೆದರೆ ನಾನೂ ಓಡುತ್ತೇನೆ ಎಂದೆ. ಇವರು ಪೇಪರಿನ ಮರೆಯಿಂದ, "ಕೋಣಗಳ ಯಜಮಾನ ಒಪ್ಪಬೇಕಲ್ಲ" ಎಂದರು.

ಇಷ್ಟಾದರೂ ನಾನು ಸೇರಿದ್ದು ಮೂಡುಬಿದಿರೆಯದ್ದಕ್ಕೇ. ಕ್ಲಿಪ್ಪು ತೋರಿಸಿದ ಹುಡುಗಿ ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತಾಳೆ, ಆ ಹೊತ್ತಿಗೆ ಇಯರ್‌ಫೋನಿನವನು ಇನ್ನೂ ನಿದ್ದೆಯಲ್ಲಿರುತ್ತಾನೆ. ತಿಂಗಳು ತಿಂಗಳಿನ ದುಡ್ಡು, ರಸೀದಿ ಕೇಳಿ ಪಡೆದು ಕಟ್ಟುತ್ತಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ಮಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ನನ್ನದು 76ರಿಂದ 74ಕ್ಕೆ. ಕೇಂದ್ರ ಸರಕಾರದಷ್ಟು ಉದಾರವಾಗಿ ಇಳಿಸಲು ನನ್ನಿಂದಾಗದು.

ನನ್ನ ಹಾಗೆ ಶೂ ಕಟ್ಟಿಕೊಂಡು ಹೊರಡುವ ಅಕ್ಕಂದಿರಿಗೆ ಇಷ್ಟು ಹೇಳುತ್ತೇನೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಲೇಡೀಸ್ ಟೈಮ್ ನಿಮ್ಮ ಕೆಲಸದ ಹೊತ್ತಿಗೆ ಹೊಂದುತ್ತದೋ ಎಂದು ದುಡ್ಡು ತೆಗೆಯುವ ಮೊದಲು ಕೇಳಿ. ಹೇಳಿದ ಸೌಲಭ್ಯ ಕೊಡದೆ ಬೋರ್ಡು ತೋರಿಸಿದರೆ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗೂ ಅನ್ವಯಿಸುತ್ತದೆ, 1915ಕ್ಕೆ ಫೋನು ಮಾಡಿ ದೂರು ಹೇಳಬಹುದು. ಮುಖ ಸಿಂಡರಿಸಿದ್ದಕ್ಕೆ ಪರಿಹಾರ ಕೊಡಿಸುವ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ. ಬಂದರೆ ಮೊದಲು ಬೀಗ ಬೀಳುವುದು ನಮ್ಮ ಸೊಸೈಟಿಗೆ.

ಜಿಮ್ಮಿನ ಮಾಲೀಕರಲ್ಲಿಯೂ ಒಂದು ಬಿನ್ನಹ. ತೂಕದ ಯಂತ್ರವನ್ನು ಒಂದು ಮೂಲೆಗೆ ಸರಿಸಿ, ಅಂಕೆಯನ್ನು ಮೆಲ್ಲಗೆ ಓದುವ ಹುಡುಗನನ್ನು ಅಲ್ಲಿ ಇಡಿ. ಮೂರು ಮಾಳಿಗೆ ಹತ್ತಿ ಬಂದ ಹೆಂಗಸಿಗೆ ಉಸಿರು ತಿರುಗುವ ತನಕ ಕೂರಲು ಕೌಂಟರಿನ ಎದುರು ಒಂದು ಕುರ್ಚಿ ಹಾಕಿಸಿ. ಕೈ ಇಲ್ಲದ ಕುರ್ಚಿಯಾದರೆ ಇನ್ನೂ ಒಳ್ಳೆಯದು.