ಮಾತ್ರೆಗೊಂದು ಮುಹೂರ್ತ

ಖಿನ್ನತೆಗೆಂದು ಡಾಕ್ಟರು ನನಗೆ ಬರೆದುಕೊಟ್ಟದ್ದು ದಿನಕ್ಕೊಂದು ಎಸಿಟಲೋಪ್ರಾಮ್, 10 ಮಿಲಿಗ್ರಾಂ. "ಬೆಳಿಗ್ಗೆಯಾದ್ರೂ ಸರಿ, ರಾತ್ರಿಯಾದ್ರೂ ಸರಿ, ದಿನಾ ಒಂದೇ ಹೊತ್ತಿಗೆ ತಗೊಳ್ಳಿ" ಎಂದರು. ಯಾವ ಹೊತ್ತು ಎಂಬುದನ್ನು ನನಗೇ ಬಿಟ್ಟರು ನೋಡಿ, ಎಡವಟ್ಟಾದದ್ದು ಅಲ್ಲೇ. ಹೋಟೆಲಿನಲ್ಲಿ ಮಸಾಲೆಯೋ ಸೆಟ್ಟೋ ಎಂದು ಕೇಳಿದರೂ ಹೆಂಡತಿಯ ಮುಖ ನೋಡುವ ಆಸಾಮಿ ನಾನು. ವಿಷಯ ನೇರವಾಗಿ ಮನೆಯ ಸಭೆಗೆ ಹೋಯಿತು.

ಅಮ್ಮನದು ಒಂದೇ ಷರತ್ತು: ರಾಹುಕಾಲ ತಪ್ಪಿಸಬೇಕು. ರಾಹುಕಾಲವೋ ದಿನಕ್ಕೊಂದು ಕಡೆ ಕೂರುತ್ತದೆ. ಡಾಕ್ಟರು ಒಂದೇ ಹೊತ್ತು ಅಂದಿದ್ದಾರೆ. ಕೊನೆಗೆ ಅಮ್ಮನೇ ಕ್ಯಾಲೆಂಡರ್ ತಿರುವಿ ದಾರಿ ಹುಡುಕಿದರು. ಬೆಳಿಗ್ಗೆ ಏಳಕ್ಕೆ ನುಂಗಿದರೆ ವಾರದ ಯಾವ ದಿನವೂ ರಾಹು ಅಡ್ಡ ಬರುವುದಿಲ್ಲ.

ವಿಜ್ಞಾನದ ತಕರಾರೂ ಇರಲಿಲ್ಲ. ಈ ಔಷಧ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು. ಹಾಗಾಗಿ ಗಡಿಯಾರದ ಮುಳ್ಳಿಗಿಂತ ನಿದ್ದೆಯದೇ ಲೆಕ್ಕ: ತೂಕಡಿಕೆ ಬಂದರೆ ರಾತ್ರಿಗೆ, ನಿದ್ದೆ ಹಾರಿದರೆ ಬೆಳಿಗ್ಗೆಗೆ. ನನಗೆ ಹಾರಿತ್ತು.

ಬೆಳಗಿನ ಹೊತ್ತಿಗೆ ಇನ್ನೊಬ್ಬ ಗಿರಾಕಿಯಿದ್ದಾನೆ, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು. ನಸುಕಿನಿಂದಲೇ ಏರತೊಡಗಿ, ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಿ, ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ತೀವ್ರ ಖಿನ್ನತೆಯ ಕೆಲವರಲ್ಲಿ ಸಂಜೆಯಾದರೂ ಇಳಿಯದೆ ಪಟ್ಟು ಹಿಡಿಯುವುದುಂಟು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದರೆ, ಹೆಂಡತಿ ಕುಕ್ಕರಿನ ಮುಚ್ಚಳ ಬಿಗಿಯುತ್ತಾ, "ಅದಾದ್ರೂ ನಿಮಗಿಂತ ಮುಂಚೆ ಏಳತ್ತಲ್ಲ!" ಎಂದಳು.

ಚಿಕ್ಕಪ್ಪ ನಿವೃತ್ತ ಬ್ಯಾಂಕ್ ನೌಕರರು, ಅವರ ಕಣ್ಣು ಖರ್ಚಿನ ಮೇಲೆ. "ದಿನಾ ಯಾಕೋ? ದಿನ ಬಿಟ್ಟು ದಿನ ತಗೊಂಡ್ರೆ ಸಾಲದಾ?" ಸಾಲದು. ಆದರೆ ಫ್ಲುವೊಕ್ಸೆಟಿನ್ ಎಂಬ ಇನ್ನೊಂದು ಔಷಧ ಮೈಯಲ್ಲಿ ತಿಂಗಳು ಬಾಡಿಗೆಯವರ ಹಾಗೆ ಬೇರೂರುತ್ತದೆ. ಅದಕ್ಕಾಗಿಯೇ ಅಮೆರಿಕದಲ್ಲಿ 2001ರಲ್ಲಿ ವಾರಕ್ಕೊಂದು ನುಂಗುವ 90 ಮಿಲಿಗ್ರಾಂ ಕ್ಯಾಪ್ಸೂಲಿಗೂ ಒಪ್ಪಿಗೆ ಸಿಕ್ಕಿತು. ಇದನ್ನು ಚಿಕ್ಕಪ್ಪನಿಗೆ ಹೇಳಬಾರದಿತ್ತು. ಅಂದಿನಿಂದ ನನ್ನ ಡಾಕ್ಟರಿಗೆ ಲೋಕಜ್ಞಾನ ಸಾಲದೆಂದು ಅವರ ತೀರ್ಮಾನ.

ಇನ್ನು ಕಾಯುವಿಕೆ. ಮಾತ್ರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಮೇಲೆ ಕೈಯಿಡುವುದು ಗಂಟೆಗಳಲ್ಲಿ. ಮನಸ್ಸು ಹಗುರಾಗಲು ವಾರಗಳೇ ಬೇಕು. ಮೊದಲ ಡೋಸುಗಳಿಗೆ ಕಾರ್ಟಿಸೋಲ್ ಇಳಿಯುವ ಬದಲು ಕೊಂಚ ಏರುವುದೂ ಉಂಟು. ಮಿರ್ಟಜಪಿನ್ ಎಂಬ ಔಷಧ ಮಾತ್ರ ಅದನ್ನು ಬೇಗ ಇಳಿಸುತ್ತದೆ, ತೂಕಡಿಕೆ ತರುವುದರಿಂದ ರಾತ್ರಿ ಕೊಡುತ್ತಾರೆ. ಆದರೆ ನಮ್ಮ ಮನೆಯವರಿಗೆ ಡೋಲೋ ನುಂಗಿ ಜ್ವರ ಬಿಟ್ಟ ಅಭ್ಯಾಸ. ಮೂರನೇ ದಿನದಿಂದಲೇ ಎಲ್ಲರೂ ಕಾಫಿ ಕೊಡುವ ನೆಪದಲ್ಲಿ ನನ್ನ ಮುಖ ಪರೀಕ್ಷಿಸತೊಡಗಿದರು. ಪರೀಕ್ಷೆಗೆ ನನ್ನ ಮುಖವೇ ಅಡ್ಡಿ. ಹುಟ್ಟಿದಾಗಿನಿಂದ ಅದು ಯಾರದೋ ಹನ್ನೊಂದನೇ ದಿನಕ್ಕೆ ಹೊರಟಂತಿದೆ. ಮದುವೆಯ ಫೋಟೋದಲ್ಲಿ ನನ್ನನ್ನು ನೋಡಿದವರು ಇಂದಿಗೂ ಹೆಂಡತಿಯನ್ನು ಸಮಾಧಾನಪಡಿಸುತ್ತಾರೆ. ಔಷಧ ನಾಟಿತೋ ಇಲ್ಲವೋ ಎಂದು ಈ ಮುಖದಲ್ಲಿ ಹುಡುಕುವುದು ಹೇಗೆ?

ಒಂದು ಬೆಳಿಗ್ಗೆ ಮಾತ್ರೆ ತಪ್ಪಿತು. "ನಾಳೆ ಎರಡು ತಗೊಂಡು ಸರಿಮಾಡ್ಕೋ" ಎಂದರು ಅಮ್ಮ, ತಪ್ಪಿದ ಏಕಾದಶಿಗೆ ಪ್ರಾಯಶ್ಚಿತ್ತ ಹೇಳುವ ಧಾಟಿಯಲ್ಲಿ. ಎರಡು ಒಟ್ಟಿಗೆ ಕೂಡದು ಎಂದು ಚೀಟಿಯ ಹಿಂದೆ ಬರೆದದ್ದನ್ನು ತೋರಿಸಬೇಕಾಯಿತು.

ಕೊನೆಗೆ ಗುಣ ಕಂಡದ್ದು ಊಟದ ಎಲೆಯಲ್ಲಿ. ತಿಂಗಳುಗಟ್ಟಲೆ ಬಡಿಸಿದ್ದನ್ನೆಲ್ಲ ರುಚಿಯರಿಯದೆ ನುಂಗಿದ್ದವನು ಒಂದು ಮಧ್ಯಾಹ್ನ, "ಸಾರಿಗೆ ಉಪ್ಪು ಕಮ್ಮಿ" ಎಂದೆ. ಅಮ್ಮ ಕಣ್ಣೊರೆಸಿಕೊಂಡರು. "ವಾಸಿಯಾಯ್ತಲ್ಲ, ಇವತ್ತಿಂದ ನಿಲ್ಲಿಸು" ಎಂದರು ಚಿಕ್ಕಪ್ಪ. ಹಾಗೆಲ್ಲ ನಿಲ್ಲಿಸುವಂತಿಲ್ಲ, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು ಎಂದೆ. ಅದೇ ಉಸಿರಿನಲ್ಲಿ ಪಲ್ಯಕ್ಕೆ ಒಗ್ಗರಣೆ ಸಾಲದೆಂದೂ, ಅನ್ನ ಮೆತ್ತಗಾಗಿದೆಯೆಂದೂ ಸೇರಿಸಿದೆ.

ಹೆಂಡತಿ ಉಪ್ಪಿನ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. "ರೀ, ಡಾಕ್ಟರ ಹತ್ರ ಈ ಸಲ ನಾನೂ ಬರ್ತೀನಿ. ಡೋಸು ಸ್ವಲ್ಪ ಜಾಸ್ತಿಯಾದಂಗಿದೆ."